ನಕ್ಷತ್ರಕ್ಕಿಂತ ಕುಂಟೆಬಿಲ್ಲೆ ವಾಸಿ

16 ನವೆಂಬರ್ 2024, ಶನಿವಾರ, ಬೆಂಗಳೂರು

ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಕೈಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿ, ಮಕ್ಕಳನ್ನು ಆಟಕ್ಕೆಳೆಯಲು ನಮ್ಮ ತಂಡ ಮಾಡುತ್ತಿರುವ ಆ್ಯಪನ್ನು ಪರೀಕ್ಷಿಸಿ ನೋಡಿದೆವು. ಸಾವಿರ ಹೆಜ್ಜೆಗೆ ಮೊಬೈಲಿನಲ್ಲಿ ಒಂದು ನಕ್ಷತ್ರ. ಶುರುವಿನಲ್ಲಿ ಓಡಿದ್ದೇ ಓಡಿದ್ದು. ಆಮೇಲೆ ಮೂರನೇ ಮಹಡಿಯ ಹುಡುಗಿ ಮೆಟ್ಟಿಲ ಮೇಲೆ ಕೂತು, ಮಜ್ಜಿಗೆ ಕಡೆಯೋ ಹಾಗೆ ಕೈ ಆಡಿಸತೊಡಗಿದಳು. "ಆಂಟಿ, ಹೀಗೆ ಮಾಡಿದ್ರೂ ಏರುತ್ತೆ!" ಸ್ವಲ್ಪ ಹೊತ್ತಿಗೆ ಮೆಟ್ಟಿಲ ತುಂಬ ಕೂತ ಮಕ್ಕಳೇ.

ಬೈಯೋಕೆ ಮನಸ್ಸಾಗಲಿಲ್ಲ. ನಾವು ಕೇಳಿದ್ದು ಅಂಕಿ, ಅವರು ಕೊಟ್ಟಿದ್ದೂ ಅಂಕಿ. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯೋದೆಂದರೆ ಪ್ರಾಣ ಬಿಡುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದರು. ಕೆಲವು ದಿನಗಳ ಮೇಲೆ ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಪೆನ್ನು ಹಿಡಿಯುತ್ತಿದ್ದ ಹೊತ್ತು ಉಳಿದವರದ್ದರ ಸುಮಾರು ಅರ್ಧ. ಓಟಕ್ಕೂ ಇದೇ ಗತಿ ಬಂದೀತು ಅಂತ ನನ್ನ ಗುಮಾನಿ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅಂಕಿಅಂಶದಂತೆ ಜಗತ್ತಿನ 11ರಿಂದ 17ರ ಮಕ್ಕಳಲ್ಲಿ 81% ಅಷ್ಟು ಆಡುತ್ತಿರಲಿಲ್ಲ, ಹುಡುಗಿಯರಲ್ಲಿ 85%. ಭಾರತದ ಲೆಕ್ಕ ಇದಕ್ಕಿಂತ ವಾಸಿ. ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಮನೆಗೆಲಸ ಕಾರಣವಿರಬಹುದು ಅನ್ನೋದು ಸಂಶೋಧಕರ ಊಹೆ. ಕಸ ಗುಡಿಸಿ, ನೀರು ಹೊತ್ತು ಗಳಿಸಿದ ಚಟುವಟಿಕೆಗೆ ಯಾವ ನಕ್ಷತ್ರ ಕೊಡೋಣ?

ಪಟ್ಟಿ ಬಿಚ್ಚಿಟ್ಟ ಮೇಲೆ ಒಬ್ಬಳು ಖಾಲಿ ಪಾರ್ಕಿಂಗ್ ಜಾಗದಲ್ಲಿ ಸೀಮೆಸುಣ್ಣದಿಂದ ಎಂಟು ಮನೆ ಗೀಚಿ, ಒಡೆದ ಟೈಲ್ಸ್ ಚೂರನ್ನೇ ಬಿಲ್ಲೆ ಮಾಡಿಕೊಂಡಳು. ಕುಂಟೆಬಿಲ್ಲೆಯನ್ನು ಇಷ್ಟು ಗಮನ ಕೊಟ್ಟು ನಾನು ನೋಡಿರಲಿಲ್ಲ. ಗೆರೆ ತುಳಿದರೆ ಔಟ್. ಸುತ್ತು ಮುಗಿಸಿದವಳಿಗೆ ಒಂದು ಮನೆ ಸ್ವಂತ. ಅಲ್ಲಿ ಅವಳು ಎರಡೂ ಕಾಲೂರಿ ನಿಲ್ಲಬಹುದು, ಮಿಕ್ಕವರು ಅದನ್ನು ಕುಂಟುತ್ತಲೇ ಹಾರಿ ದಾಟಬೇಕು. ಅಂದರೆ ಗೆದ್ದದ್ದರ ಲಾಭ ಆಟದೊಳಗೇ ಸಿಕ್ಕಿತು, ಆಟವೂ ತಾನಾಗಿ ಕಠಿಣವಾಯಿತು. ಯಾರದೋ ಪುಟ್ಟ ತಮ್ಮ ಬಂದ; ಅವನಿಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ನಮ್ಮ ಆ್ಯಪಿನ ಅಂಕಪಟ್ಟಿಯಲ್ಲಿ ಈ ರಿಯಾಯಿತಿ ಇಲ್ಲ, ಕೊನೆಯವನು ಎಲ್ಲರ ಕಣ್ಣಿಗೂ ಕೊನೆಯವನೇ.

ಆಮ್‌ಸ್ಟರ್‌ಡಾಮಿನಲ್ಲಿ 1947ರಿಂದ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 700ಕ್ಕೂ ಹೆಚ್ಚು ಆಟದ ಜಾಗ ರೂಪಿಸಿದ. ಎಷ್ಟೋ ಕಡೆ ಅವು ಬರೀ ಪಾಳುಬಿದ್ದ ಸೈಟುಗಳು. ಮರಳ ಗುಂಡಿ, ಲೋಹದ ಕಮಾನು, ದುಂಡು ಕಲ್ಲು, ಅಷ್ಟೇ. ಏನಾಡಬೇಕು ಅಂತ ಅವು ಹೇಳುವುದಿಲ್ಲ.

ಹಾಗಾಗಿ ಸೋಮವಾರ ನಮ್ಮ ತಂಡದ ಮೀಟಿಂಗಿನಲ್ಲಿ ಎಣಿಕೆಯನ್ನೇ ಕೈಬಿಡೋಣ ಅನ್ನುತ್ತೇನೆ. ಆ್ಯಪಿಗೆ ಒಂದೇ ಕೆಲಸ: ಕೆಳಗೆ ನಾಲ್ಕು ಮಕ್ಕಳು ಸೇರಿದರೆ ಉಳಿದ ಮನೆಗಳಿಗೆ ಸುದ್ದಿ ಮುಟ್ಟಿಸೋದು. ಜೊತೆಗೆ ಸಂಜೆ ಐದರಿಂದ ಆರೂವರೆಯವರೆಗೆ ಪಾರ್ಕಿಂಗಿನ ಒಂದು ಸಾಲು ಖಾಲಿ ಬೇಕು. ಅಸೋಸಿಯೇಷನ್ ಸೆಕ್ರೆಟರಿಗೆ ಆಗಲೇ ಕೇಳಿದೆ. "ಕಾರಿಗೆ ಗೀರು ಬಿದ್ರೆ ಯಾರಮ್ಮಾ ಕೊಡೋದು?" ಅಂದರು. ಕಮಿಟಿ ಮುಂದಿಡಲು ಲಿಖಿತ ಅರ್ಜಿ ಬೇಕಂತೆ, ರಾತ್ರಿಯೇ ಬರೆದಿಡಬೇಕು.