ಹತ್ತು ಕ್ಯಾಬಿನ್, ಒಂದೇ ಕೀಲಿ: ನಾಲ್ಕನೆಯ ರಾತ್ರಿ ಓಲಾವ್ಸ್‌ಬುನಲ್ಲಿ

ಕೊನೆಗೂ ನಾರ್ವೆಯ ಯೋಟುನ್‌ಹೈಮೆನ್ ಬೆಟ್ಟಸಾಲಿನ ಓಲಾವ್ಸ್‌ಬು ಕ್ಯಾಬಿನ್ ಮುಟ್ಟಿದೆವು. ರಾತ್ರಿ ತಂಗಬೇಕು ಅಂದುಕೊಂಡ ಹತ್ತು ಕ್ಯಾಬಿನ್‌ಗಳಲ್ಲಿ ಇದು ನಾಲ್ಕನೆಯದು. ಜುಲೈನಲ್ಲಿ ಇದೇ ದಾರಿಯಲ್ಲಿ ಹೋಗಿ ಅರ್ಧಕ್ಕೇ ವಾಪಸ್ ಬಂದಿದ್ದೆವು. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು, ನನ್ನ ಹೆಂಡತಿ ಇರುವುದು ಓಸ್ಲೋದಲ್ಲಿ. ನಾರ್ವೆಯ ಟ್ರೆಕ್ಕಿಂಗ್ ಸಂಘ ಡಿಎನ್‌ಟಿ ಶುರುವಾಗಿದ್ದು 1868ರಲ್ಲಿ. ದೇಶದ ಉದ್ದಕ್ಕೂ ಅದರ 550ಕ್ಕೂ ಹೆಚ್ಚು ಕ್ಯಾಬಿನ್‌ಗಳಿವೆ. ಕೆಲವು ದೊಡ್ಡವು, ಊಟ ಬಡಿಸುವವರೂ ಇರುತ್ತಾರೆ. ಉಳಿದವುಗಳಲ್ಲಿ ನಾವೇ ಸೌದೆ ಒಡೆದು, ನಾವೇ ನೀರು ತಂದು, ನಾವೇ ಬೇಯಿಸಿಕೊಳ್ಳಬೇಕು. ಸದಸ್ಯರಾಗಿ ಠೇವಣಿ ಕಟ್ಟಿದರೆ ಒಂದು ಕೀಲಿ ಕೊಡುತ್ತಾರೆ. ಅದೊಂದೇ ಕೀಲಿ ಇಂಥ ನೂರಾರು ಕ್ಯಾಬಿನ್‌ಗಳಿಗೆ ಆಗುತ್ತದೆ. ಆ ಕೀಲಿ ಕೈಗೆ ಬಂದ ದಿನವೇ ಲೆಕ್ಕ ಹಾಕಿದೆವು: ನಾವೇ ಎಲ್ಲ ಮಾಡಿಕೊಳ್ಳುವ ಹತ್ತು ಕ್ಯಾಬಿನ್, ಹತ್ತು ರಾತ್ರಿ. ಮೊದಲ ಮೂರು ಓಸ್ಲೋ ಸುತ್ತಲಿನ ಕಾಡಿನಲ್ಲೇ ಆದವು. ಅವು ಸುಲಭ. ಯೋಟುನ್‌ಹೈಮೆನ್ ಬೇರೆಯೇ ಲೋಕ.

ಜುಲೈ ಮೊದಲ ವಾರದ ಕತೆ ಮೊದಲು ಹೇಳಬೇಕು. ಓಸ್ಲೋದಿಂದ ಬಸ್ಸಿನಲ್ಲಿ ಯೆಂಡೆಸ್‌ಹೈಮ್, ಅಲ್ಲಿಂದ ಯೆಂಡೆ ಸರೋವರದ ಮೇಲೆ ದೋಣಿ. ಸರೋವರ 18 ಕಿಲೋಮೀಟರ್ ಉದ್ದ. ನೀರಿನ ಬಣ್ಣ ಹಸಿರು. ಹಿಮನದಿಗಳು ಬಂಡೆಯನ್ನು ಹಿಟ್ಟಿನ ಹಾಗೆ ಅರೆದು ಬಿಡುತ್ತವೆ, ಆ ಹಿಟ್ಟು ತೊರೆಗಳ ಜೊತೆ ಇಲ್ಲಿಗೆ ಬಂದು ನೀರಿನಲ್ಲಿ ತೇಲುತ್ತಿರುತ್ತದೆ. ಬಣ್ಣ ಅದರಿಂದಲೇ. ದೋಣಿಯಲ್ಲಿದ್ದವರಲ್ಲಿ ಹೆಚ್ಚಿನವರು ಮೆಮುರುಬುನಲ್ಲಿ ಇಳಿದು ಬೆಸ್ಸೆಗ್ಗೆನ್ ಕಡೆ ಹೊರಟರು. ಎರಡು ಸರೋವರಗಳ ನಡುವೆ ಕತ್ತಿಯ ಅಂಚಿನ ಹಾಗೆ ನಿಂತ ಏಣು ಅದು, ನಾರ್ವೆಯಲ್ಲಿ ತುಂಬಾ ಜನ ನಡೆಯುವ ದಾರಿಗಳಲ್ಲಿ ಒಂದು. ನಾವು ಕೊನೆಯವರೆಗೂ ಕೂತು, ಸರೋವರದ ಆ ತುದಿಯಲ್ಲಿರುವ ದೊಡ್ಡ ಕ್ಯಾಬಿನ್ ಯೆಂಡೆಬುನಲ್ಲಿ ಇಳಿದೆವು.

ಯೆಂಡೆಬುನಿಂದ ಓಲಾವ್ಸ್‌ಬು ಸುಮಾರು 16 ಕಿಲೋಮೀಟರ್. ಏರು ಬರೀ 450 ಮೀಟರಿನಷ್ಟು. ಕ್ಯಾಬಿನ್ ಇರುವುದು 1440 ಮೀಟರ್ ಎತ್ತರದಲ್ಲಿ. 1712 ಮೀಟರಿನ ಕುಮಾರ ಪರ್ವತ ಹತ್ತಿದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಇದು 61 ಡಿಗ್ರಿ ಉತ್ತರ. 1100 ಮೀಟರ್ ದಾಟುತ್ತಿದ್ದಂತೆ ಮರವೇ ಇಲ್ಲ. ಕಲ್ಲು, ಪಾಚಿ, ಗಾಳಿ. ಜುಲೈ ಆದರೂ ಅಲ್ಲಲ್ಲಿ ಹಿಮ.

ದಾರಿ ತೋರಿಸುವುದು ಬಂಡೆಗಳ ಮೇಲೆ, ಕಲ್ಲಿನ ಗುಪ್ಪೆಗಳ ಮೇಲೆ ಬಳಿದ ಕೆಂಪು ‘ಟಿ’ ಅಕ್ಷರ. ಒಂದು ಟಿ ಹತ್ತಿರ ನಿಂತು ಮುಂದಿನ ಟಿ ಹುಡುಕಬೇಕು. ಒಂದು ಕಡೆ ಅದು ಹಿಮದ ಹಾಸಿನ ಆಚೆ ಕಾಣಿಸಿತು. ಇಪ್ಪತ್ತು ಹೆಜ್ಜೆ ಅಷ್ಟೇ. ನಾನು ಕಾಲಿಡಲು ಹೊರಟೆ. ಹಿಂದಿನಿಂದ ಇವಳು, “ರೀ, ನಿಲ್ಲಿ! ಕೆಳಗೆ ನೀರು ಹರಿಯೋ ಸದ್ದು ಕೇಳಿಸ್ತಿದೆ,” ಅಂದಳು.

ಉಸಿರು ಬಿಗಿಹಿಡಿದು ಕೇಳಿದೆ. ಹೌದು, ಕಾಲ ಬುಡದಲ್ಲೇ ಗುಳುಗುಳು ಸದ್ದು. ಕೈಯಲ್ಲಿದ್ದ ಕೋಲನ್ನು ಹಿಮಕ್ಕೆ ಒತ್ತಿದೆ. ಮೊದಲು ಸ್ವಲ್ಪ ಗಟ್ಟಿ, ಆಮೇಲೆ ಹಿಡಿಯವರೆಗೂ ಸಲೀಸಾಗಿ ಇಳಿದುಹೋಯಿತು. ತೊರೆಯ ನೀರು ಅಡಿಯಿಂದ ಹಿಮವನ್ನು ಕರಗಿಸುತ್ತಾ ಹೋಗುತ್ತದೆ. ಮೇಲೆ ಬರೀ ಕಮಾನಿನಂಥ ಹೊದಿಕೆ ಉಳಿದಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ ಅನ್ನಿಸುತ್ತದೆ ಅಷ್ಟೇ.

ತೊರೆಯ ಗುಂಟ ಮೇಲೆ, ಕೆಳಗೆ ಎರಡೂ ಕಡೆ ನಡೆದು ನೋಡಿದೆವು. ದಾಟುವ ಜಾಗ ಸಿಗಲಿಲ್ಲ. ಮಧ್ಯಾಹ್ನ ಒಂದೂವರೆಗೆ ವಾಪಸ್ ತಿರುಗಿದೆವು. ನನಗೆ ಮನಸ್ಸೇ ಇರಲಿಲ್ಲ. ರಜೆ, ಟಿಕೆಟ್ ದುಡ್ಡು, ಬಿಸಿಲಿನ ದಿನ, ಎಲ್ಲ ಲೆಕ್ಕ ತಲೆಯಲ್ಲಿ. ರಾತ್ರಿ ಯೆಂಡೆಬುನಲ್ಲಿ ಊಟದ ಮೇಜಿನ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು, “ಎಂಟನೇ ನಿಯಮ,” ಅಂದರು. ಇಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮಗಳಿವೆ. ಶಾಲೆಯ ಮಕ್ಕಳಿಗೂ ಗೊತ್ತು. ಕ್ವಿಕ್ ಲುನ್ಶ್ ಚಾಕೊಲೇಟಿನ ಹೊದಿಕೆಯ ಒಳಗಡೆ ಅಚ್ಚು ಹಾಕಿರುತ್ತಾರೆ. ಎಂಟನೆಯದು ಹೀಗಿದೆ: ಸಮಯ ಮೀರುವ ಮೊದಲೇ ಹಿಂದಿರುಗಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ ಮೊದಲ ವಾರ ಮತ್ತೆ ಹೊರಟೆವು. ಕಣಿವೆಯ ಕೆಳಗೆ ಬರ್ಚ್ ಎಲೆಗಳು ಹಳದಿ, ನೆಲದ ಬ್ಲೂಬೆರಿ ಗಿಡಗಳು ಕುಂಕುಮದಷ್ಟು ಕೆಂಪು. ಎದುರಿಗೆ ಬಂದವರೆಲ್ಲ “ಹೈ ಹೈ” ಅನ್ನುತ್ತಿದ್ದರು. ಓಸ್ಲೋ ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ ಮಾತಾಡದ ಜನ, ಬೆಟ್ಟದಲ್ಲಿ ನಿಂತು ಮುಂದಿನ ದಾರಿ ಹೇಗಿದೆ ಅಂತ ಹೇಳಿ ಹೋಗುತ್ತಾರೆ. ನನಗೆ ಇದು ತುಂಬಾ ಇಷ್ಟ.

ಆ ಜಾಗ ತಕ್ಷಣ ಗುರುತು ಸಿಕ್ಕಿತು. ಟಿಯ ಅಡ್ಡಗೆರೆ ಅರ್ಧ ಮಾಸಿದ್ದ ಅದೇ ಬಂಡೆ. ಹಿಮ ಪೂರ್ತಿ ಕರಗಿತ್ತು. ತೊರೆಯಲ್ಲಿ ಕಣಕಾಲು ಮುಳುಗುವಷ್ಟು ನೀರು. ಆದರೆ ನಾನು ಜುಲೈನಲ್ಲಿ ಕಾಲಿಡಲು ಹೋಗಿದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ, ತಳದಲ್ಲಿ ಚೂಪು ಕಲ್ಲುಗಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತೆವು. ಇವಳು ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದಳು, ನಾನು ಇನ್ನೂ ಅಲ್ಲಿ ಕಾಲಿಡುತ್ತೇನೇನೋ ಅನ್ನುವ ಹಾಗೆ.

ಸಂಜೆ ಐದಕ್ಕೆ ಕ್ಯಾಬಿನ್ ಕಾಣಿಸಿತು. ಚಿಮಣಿಯಲ್ಲಿ ಹೊಗೆ. ನಮಗಿಂತ ಮೊದಲೇ ಇಬ್ಬರು ಬಂದು ಒಲೆ ಹಚ್ಚಿದ್ದರು. ಒಳಗೆ ಸೌದೆಯ ವಾಸನೆ, ಒಲೆಯ ಮೇಲಿನ ಹಗ್ಗದಲ್ಲಿ ನಾಲ್ಕು ಜೊತೆ ಕಾಲುಚೀಲ. ಪಕ್ಕದ ಕೋಣೆ ಕಿರಾಣಿ ಅಂಗಡಿಯ ಹಾಗೆ: ಪಾಸ್ತಾ, ಗರಿಗರಿ ಒಣ ರೊಟ್ಟಿ, ಡಬ್ಬಿ ಟೊಮೆಟೊ, ಮೀನಿನ ಉಂಡೆಗಳ ಡಬ್ಬಿ, ಕಾಫಿ ಪುಡಿ. ಬೆಲೆಪಟ್ಟಿ ಗೋಡೆಗೆ ಅಂಟಿಸಿದೆ. ತೆಗೆದುಕೊಂಡಿದ್ದನ್ನು ನಾವೇ ಲೆಕ್ಕ ಬರೆದು ನಾವೇ ದುಡ್ಡು ಕಟ್ಟಬೇಕು. ನೋಡುವವರು, ಕೇಳುವವರು ಯಾರೂ ಇಲ್ಲ. ಎರಡು ಡಬ್ಬಿ ಟೊಮೆಟೊ ತೆಗೆದುಕೊಂಡೆವು. ಮನೆಯಿಂದ ಒಗ್ಗರಣೆ ಹಾಕಿಯೇ ತಂದಿದ್ದ ಅವಲಕ್ಕಿಗೆ ಅದನ್ನು ಬೆರೆಸಿ ಬಿಸಿ ಮಾಡಿದೆವು. ಅವರಿಬ್ಬರಿಗೂ ಕೊಟ್ಟೆವು. ಎರಡನೇ ಸಲವೂ ಬಡಿಸಿಕೊಂಡರು.

ಬಂದ ಕೂಡಲೇ ಕ್ಯಾಬಿನ್‌ನಲ್ಲಿಟ್ಟ ಪುಸ್ತಕದಲ್ಲಿ ಹೆಸರು, ಎಲ್ಲಿಂದ ಬಂದಿರಿ, ನಾಳೆ ಎಲ್ಲಿಗೆ ಅಂತ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಈ ಪುಸ್ತಕ ನೆರವಾಗುತ್ತದೆ. ಅದರಲ್ಲಿ ನಮ್ಮ ಸಾಲನ್ನು ತುಂಬಾ ಜಾಗ್ರತೆಯಿಂದ ಬರೆದೆ.

ಬೆಳಗ್ಗೆ ಹೊರಡುವ ಮೊದಲು ಬೂದಿ ತೆಗೆದು, ನೆಲ ಒರೆಸಿ, ಮುಂದೆ ಬರುವವರಿಗೆ ಸೌದೆಪೆಟ್ಟಿಗೆ ತುಂಬಿಸಿಟ್ಟೆವು.

ಸಾಮಾನಿನ ವಿಷಯ ಚುಟುಕಾಗಿ. ಎಡ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಬೂಟಿನ ಒಳಹಾಸು ಬದಲಾಯಿಸಬೇಕು. ಬೂಟಿಗೆ ಮತ್ತೆ ಮೇಣ ಹಚ್ಚಬೇಕು. ಕೋಲು ಇಬ್ಬರಿಗೂ ಒಂದೊಂದು ಜೊತೆ ಬೇಕೇ ಬೇಕು. ಮಲಗುವಾಗ ಹೊದಿಕೆಯೊಳಗೆ ಹಾಕಿಕೊಳ್ಳುವ ಬಟ್ಟೆಚೀಲ ಇಂಥ ಕ್ಯಾಬಿನ್‌ಗಳಿಗೆ ಒಯ್ಯಬೇಕು. ಹತ್ತಿಯದನ್ನು ಬಿಟ್ಟು ರೇಷ್ಮೆಯದನ್ನು ತಗೊಂಡಿದ್ದು ಒಳ್ಳೆಯದಾಯಿತು, ತೂಕವೇ ಇಲ್ಲ.

ಐದನೆಯದು ರೊಂಡಾನೆ ಅನ್ನುವ ಇನ್ನೊಂದು ಬೆಟ್ಟಸಾಲಿನಲ್ಲಿ, ಹಿಮ ಬೀಳುವ ಮೊದಲು. ನಕ್ಷೆ ಈಗಾಗಲೇ ಅಡುಗೆಮನೆ ಮೇಜಿನ ಮೇಲಿದೆ. ಈ ಸಲ ದಾರಿಯಲ್ಲಿ ಬರುವ ತೊರೆಗಳನ್ನೆಲ್ಲ ಇವಳೇ ಪೆನ್ಸಿಲ್‌ನಿಂದ ಗುರುತು ಮಾಡುತ್ತಿದ್ದಾಳೆ.