ಮೇಡಂ, ಲಾಂಗ್ ಟರ್ಮ್ ಹಾಕ್ಸೋಣವಾ?

ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು. ಎಂಬಿಬಿಎಸ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯ ಫಲಿತಾಂಶ ಬಂದ ದಿನದಿಂದ ಸೀಟು ಹಂಚುವ ಕೌನ್ಸೆಲಿಂಗ್ ಮುಗಿಯುವವರೆಗೂ ಎಲ್ಲರದ್ದೂ ಒಂದೇ ಪ್ರಶ್ನೆ, ಕೇಳುವ ಧಾಟಿ ಮಾತ್ರ ಬೇರೆ. ಅಪ್ಪಂದಿರು "ಮೇಡಂ, ಲಾಂಗ್ ಟರ್ಮ್ ಹಾಕ್ಸೋಣವಾ?" ಎನ್ನುತ್ತಾರೆ, ಅಂದರೆ ಒಂದು ವರ್ಷ ಕೋಚಿಂಗಿಗೆ ಹಾಕಿ ನೀಟ್ ಮತ್ತೆ ಬರೆಸೋಣವಾ ಎಂದು. ಅಮ್ಮಂದಿರು "ಒಂದು ವರ್ಷ ಸುಮ್ನೆ ಹಾಳಾಗಲ್ವಾ?" ಎನ್ನುತ್ತಾರೆ. ಮಕ್ಕಳು ರಾತ್ರಿ ಹತ್ತರ ಮೇಲೆ ಮೆಸೇಜ್ ಹಾಕುತ್ತಾರೆ: "ಮ್ಯಾಮ್, ರಿಪೀಟ್ ಮಾಡ್ಲಾ?"

ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ. ಪ್ರಶ್ನೆಪತ್ರಿಕೆ ಇಟ್ಟುಕೊಂಡಿದ್ದೀರಾ, ಬಿಸಾಕಿದ್ದೀರಾ?

ಯಾಕೆ ಹೀಗೆ ಕೇಳುತ್ತೇನೆಂದರೆ, ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಈ ತೀರ್ಮಾನ ಆಗುವುದು ಅಂಕ ನೋಡಿ. "420 ಬಂದಿದೆ, ಇನ್ನೊಂದು ನೂರು ತೆಗೀತಾನೆ ಬಿಡಿ" ಎಂದು ಲೆಕ್ಕ ಹಾಕುತ್ತಾರೆ. ಆ ನೂರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅಂಕವನ್ನೇ ನಂಬುವುದು ಎಷ್ಟು ಕಷ್ಟ ಎನ್ನುವುದಕ್ಕೆ 2024 ಮತ್ತು 2025ರ ಪರೀಕ್ಷೆ ನೋಡಿದರೆ ಸಾಕು. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಕ್ಕಳಿಗೆ 720ಕ್ಕೆ 720. ಆಮೇಲೆ ಗ್ರೇಸ್ ಮಾರ್ಕ್ಸ್ ಗಲಾಟೆ, 1,563 ಮಕ್ಕಳಿಗೆ ಮರುಪರೀಕ್ಷೆಯ ಅವಕಾಶ, ಸುಪ್ರೀಂ ಕೋರ್ಟ್, ಪರಿಷ್ಕೃತ ಫಲಿತಾಂಶ. ಎಲ್ಲ ಮುಗಿದಾಗ ಪೂರ್ತಿ ಅಂಕದವರು 17 ಮಂದಿ ಉಳಿದರು. ಮರುವರ್ಷ ಫಿಸಿಕ್ಸ್ ಎಷ್ಟು ಕಷ್ಟ ಬಂತೆಂದರೆ ಇಡೀ ದೇಶಕ್ಕೆ ಮೊದಲು ಬಂದವರಿಗೇ 686. 2024ರಲ್ಲಿ 600 ಬಂದವರ ರ್‍ಯಾಂಕ್ ಹತ್ತಾರು ಸಾವಿರ ದಾಟಿತ್ತು. 2025ರಲ್ಲಿ ಅದೇ 600ಕ್ಕೆ ಎರಡು ಸಾವಿರದೊಳಗಿನ ರ್‍ಯಾಂಕ್. ಹಾಗಿರುವಾಗ "ಪಕ್ಕದ್ಮನೆ ಹುಡುಗನಿಗೆ ಆ ವರ್ಷ ಇಷ್ಟಕ್ಕೇ ಸೀಟ್ ಸಿಕ್ಕಿತ್ತು" ಎನ್ನುವ ಮಾತಿಗೆ ಏನು ಬೆಲೆ? ನೋಡಲೇಬೇಕೆಂದರೆ ರ್‍ಯಾಂಕ್ ನೋಡಿ. ರಾಜ್ಯದ ಸೀಟು ಹಂಚುವ ಕೆಇಎ ಪ್ರತಿ ಸುತ್ತಿನ ಕಟ್ ಆಫ್ ರ್‍ಯಾಂಕನ್ನು ಕಾಲೇಜುವಾರು, ಕೆಟಗರಿವಾರು ಹಾಕುತ್ತದೆ. ಅದನ್ನು ತೆರೆದು ನಿಮ್ಮ ಕೆಟಗರಿಯಲ್ಲಿ ಎಷ್ಟು ದೂರ ಇದ್ದೀರಿ ಎಂದು ನೋಡಿ.

ಇನ್ನೊಂದು ಗೊಂದಲ. "ನೀಟ್ ಪಾಸಾಗಿದಾಳೆ, ಆದರೂ ಸೀಟ್ ಸಿಕ್ಕಿಲ್ಲ" ಎಂದು ಬೇಜಾರು ಮಾಡಿಕೊಳ್ಳುವವರು ಬಹಳ. 2025ರಲ್ಲಿ ಜನರಲ್ ಕೆಟಗರಿಗೆ ಅರ್ಹತೆಯ ಗೆರೆ 144 ಅಂಕ. ಆ ವರ್ಷ ಅರ್ಹರಾದವರು 12 ಲಕ್ಷಕ್ಕೂ ಜಾಸ್ತಿ. ದೇಶದ ಎಂಬಿಬಿಎಸ್ ಸೀಟುಗಳೆಲ್ಲ ಸೇರಿದರೂ, ಖಾಸಗಿಯವನ್ನೂ ಹಿಡಿದು, ಒಂದೂಕಾಲು ಲಕ್ಷದ ಆಸುಪಾಸು. ಪಾಸಾದವರೆಲ್ಲ ಬಾಗಿಲ ಹೊರಗೆ ನಿಲ್ಲಬಹುದು, ಅಷ್ಟೇ.

ಈಗ ಪ್ರಶ್ನೆಪತ್ರಿಕೆಗೆ ಬರೋಣ. ನೀಟ್ ಬುಕ್‌ಲೆಟ್ ಮನೆಗೆ ತರಬಹುದು. ಉತ್ತರದ ಬಬಲ್ ತುಂಬಿದ ಓಎಂಆರ್ ಶೀಟಿನ ಚಿತ್ರವನ್ನೂ ಕೀ ಆನ್ಸರನ್ನೂ ಪರೀಕ್ಷೆ ನಡೆಸುವ ಎನ್‌ಟಿಎ ಕೊಡುತ್ತದೆ. ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನ ಕೂರಬೇಕು. ಅಂಕ ಕಳೆದ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಯಾಕೆ ಹೋಯಿತು ಎಂದು ಬರೆಯಬೇಕು. ಗೊತ್ತೇ ಇರಲಿಲ್ಲವಾ? ಗೊತ್ತಿದ್ದೂ ತಪ್ಪಾಯಿತಾ? ಸಮಯ ಸಾಲಲಿಲ್ಲವಾ? ಅಥವಾ ಗೊತ್ತಿಲ್ಲದ್ದನ್ನು ಸುಮ್ನೆ ಒಂದು ಬಬಲ್ ತುಂಬಿದ್ದಾ?

ನಮ್ಮ ಕಾಲೇಜಿನ ಒಬ್ಬ ಹುಡುಗಿಯ ಜೊತೆ ಹೀಗೆ ಕೂತಿದ್ದೆ. ಒಟ್ಟು 388. ಅಪ್ಪ ಆಗಲೇ ಕೋಚಿಂಗ್ ಸೆಂಟರಿಗೆ ಅಡ್ವಾನ್ಸ್ ಕಟ್ಟಲು ಹೊರಟಿದ್ದರು. ಬಯಾಲಜಿಯ 90ರಲ್ಲಿ 78 ಸರಿ, 9 ತಪ್ಪು. ಅಲ್ಲಿಗೇ 303 ಆಯಿತು. ಕೆಮಿಸ್ಟ್ರಿಯ 45ರಲ್ಲಿ 20 ಸರಿ, 15 ತಪ್ಪು, ಅಂದರೆ 65. ಫಿಸಿಕ್ಸಿನಲ್ಲಿ 9 ಸರಿ, 16 ತಪ್ಪು, 20 ಖಾಲಿ. ಬಂದದ್ದು ಬರೀ 20 ಅಂಕ. ಬುಕ್‌ಲೆಟ್ಟಿನ ಫಿಸಿಕ್ಸ್ ಪುಟಗಳನ್ನು ತಿರುಗಿಸಿದೆ. ರಫ್ ವರ್ಕಿಗೆ ಬಿಟ್ಟ ಜಾಗ ಬೆಳ್ಳಗೆ ಹಾಗೇ ಇತ್ತು. ಒಂದು ಬಾಣದ ಗುರುತಿಲ್ಲ, ಬಲಗಳನ್ನು ಗುರುತಿಸುವ ಒಂದು ಫ್ರೀ ಬಾಡಿ ಡಯಾಗ್ರಮ್ ಇಲ್ಲ. ತಪ್ಪಾದ ಹದಿನಾರೂ ಲೆಕ್ಕ ಮಾಡಿ ತಪ್ಪಿದ್ದಲ್ಲ, ಊಹೆ. "ಲೆಕ್ಕ ಶುರು ಮಾಡೋಕೇ ಗೊತ್ತಾಗ್ಲಿಲ್ಲ ಮ್ಯಾಮ್" ಎಂದಳು.

ಅವಳಿಗೆ ಇನ್ನೊಂದು ಸಲ ಬರಿ ಎಂದೆ. ಇಂಥವರಿಗೆ ಒಂದು ವರ್ಷ ನಿಜವಾಗಿ ಏನನ್ನಾದರೂ ಕೊಡುತ್ತದೆ. ಬಯಾಲಜಿ ಕೈಯಲ್ಲಿದೆ, ಓದುವ ಅಭ್ಯಾಸ ಇದೆ. ಒಂದು ವಿಷಯದ ಬುಡವೇ ಬಿದ್ದಿರಲಿಲ್ಲ. ಅದು ವರ್ಷದಲ್ಲಿ ಕಲಿಯಬಹುದಾದದ್ದು. ಇನ್ನು ಊಹೆ ಮಾಡಿ ತಪ್ಪಿದ ಆ ಬಬಲ್‌ಗಳನ್ನು ಖಾಲಿ ಬಿಟ್ಟಿದ್ದರೇ ಹದಿನಾರು ಅಂಕ ಉಳಿಯುತ್ತಿತ್ತು. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ, ಪರೀಕ್ಷಾ ಹಾಲ್‌ನಲ್ಲಿ ಕೂತಾಗ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಕಡೆ ಇಂಥ ಖಾಲಿ ಪುಟಗಳ ಹಿಂದೆ ಬಹಳ ಸಲ ಒಂದೇ ಕಾರಣ ಇರುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಗೆ ಬಂದ ತಕ್ಷಣ ಎಲ್ಲವೂ ಇಂಗ್ಲಿಷ್. ಜೂನ್‌ನಿಂದ ದಸರಾವರೆಗೆ ಹುಡುಗರು ಪಾಠ ಕೇಳುವುದಿಲ್ಲ, ಭಾಷೆ ಕೇಳುತ್ತಾರೆ. ಅವರಿಗೆ ಕ್ಲಾಸಿನಲ್ಲಿ ಏನು ನಡೆಯುತ್ತಿದೆ ಎಂದು ಅರ್ಥವಾಗುವ ಹೊತ್ತಿಗೆ ಮೆಕ್ಯಾನಿಕ್ಸ್ ಮುಗಿದಿರುತ್ತದೆ. ಫಸ್ಟ್ ಪಿಯುಗೆ ಪಬ್ಲಿಕ್ ಪರೀಕ್ಷೆ ಇಲ್ಲವಲ್ಲ, ಹೇಗೋ ದಾಟಿಬಿಡುತ್ತಾರೆ. ಆದರೆ ನೀಟಿನ ಹತ್ತಿರಹತ್ತಿರ ಅರ್ಧ ಸಿಲೆಬಸ್ ಆ ವರ್ಷದ್ದು. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ನಿಜ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆಯುವ ಧೈರ್ಯ ಮಾಡುವವರು ತುಂಬ ಕಡಿಮೆ. ಈ ಮಕ್ಕಳು ಮೊದಲ ಸಲ ಬರೆದದ್ದನ್ನು ನಾನು ಪೂರ್ತಿ ಪ್ರಯತ್ನ ಎಂದು ಎಣಿಸುವುದೇ ಇಲ್ಲ. ಅವರು ಇನ್ನೊಂದು ವರ್ಷ ಕೇಳಿದರೆ ಅದು ಅವರಿಗೆ ಸಲ್ಲಬೇಕಾದ ವರ್ಷ. ಒಂದರಿಂದ ಹತ್ತು ಕನ್ನಡದಲ್ಲಿ ಓದಿದವರಿಗೆ, ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಮೀಸಲಾತಿಯೂ ಇದೆ, ಕನ್ನಡ ಮಾಧ್ಯಮಕ್ಕೆ ಶೇ. 5, ಗ್ರಾಮೀಣಕ್ಕೆ ಶೇ. 15. ಅರ್ಜಿ ತುಂಬುವಾಗ ಸರ್ಟಿಫಿಕೇಟ್ ಇಲ್ಲದೆ ಇದನ್ನು ಕಳೆದುಕೊಳ್ಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಈಗಲೇ ಹೋಗಿ ಬನ್ನಿ.

ಬೇಡ ಎನ್ನುವುದು ಯಾರಿಗೆ? ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಎಂಟನೇ ಕ್ಲಾಸಿನಿಂದ ಫೌಂಡೇಷನ್ ಕೋರ್ಸ್, ಪಿಯುನಲ್ಲಿ ಪಾಠದ ಜೊತೆಗೇ ಕೋಚಿಂಗ್ ಇರುವ ಇಂಟಿಗ್ರೇಟೆಡ್, ಕೊನೆಗೆ ಕ್ರ್ಯಾಶ್ ಕೋರ್ಸ್, ಎಲ್ಲ ಮುಗಿಸಿದ ಹುಡುಗ. ಮಾಕ್ ಟೆಸ್ಟ್‌ಗಳಲ್ಲಿ ಆರು ತಿಂಗಳಿಂದ ಅದೇ ಅಂಕ, ಪರೀಕ್ಷೆಯಲ್ಲೂ ಅದೇ. ತಪ್ಪುಗಳು ಒಂದು ಕಡೆ ಗುಂಪಾಗಿಲ್ಲ, ಮೂರೂ ವಿಷಯದಲ್ಲಿ ಚೆಲ್ಲಾಪಿಲ್ಲಿ. ಇಂಥವನಿಗೆ ಲಾಂಗ್ ಟರ್ಮ್ ಅಂದರೆ ಅದೇ ಪುಸ್ತಕ, ಅದೇ ಮಾಡ್ಯೂಲ್ ಮತ್ತೆ. ಸ್ವಲ್ಪ ಏರಬಹುದು. ಆದರೆ ಆ ಸ್ವಲ್ಪ ಸೀಟಿನವರೆಗೆ ಮುಟ್ಟುತ್ತದಾ ಎಂದು ರ್‍ಯಾಂಕ್ ಪಟ್ಟಿ ಹಿಡಿದು ನೋಡಬೇಕು. ಸರ್ಕಾರಿ ಸೀಟಿಗೆ ಕೂದಲೆಳೆಯಲ್ಲಿ ತಪ್ಪಿದ್ದರೆ ಬರೆಯಲಿ. ದೂರ ಇದ್ದರೆ ಬೇಡ ಎನ್ನುತ್ತೇನೆ.

ನಿದ್ದೆ ಬಿಟ್ಟವರಿಗೂ ಬೇಡ. ಕಳೆದ ವರ್ಷ ಊಟ ಸೇರದೆ, ಟೆಸ್ಟ್ ದಿನ ವಾಂತಿ ಮಾಡಿಕೊಂಡು, ಯಾರ ಜೊತೆಗೂ ಮಾತಿಲ್ಲದೆ ಕಳೆದ ಮಗುವನ್ನು ತಿರುಗಿ ಹಾಸ್ಟೆಲಿಗೆ ಬಿಡಬೇಡಿ. ಲಾಂಗ್ ಟರ್ಮ್ ಹಾಸ್ಟೆಲ್ ಹೇಗಿರುತ್ತದೆ ಗೊತ್ತಲ್ವಾ? ಬೆಳಿಗ್ಗೆ ಐದೂವರೆಗೆ ಬೆಲ್, ಫೋನ್ ವಾರ್ಡನ್ ಹತ್ತಿರ, ವಾರಕ್ಕೊಂದು ಟೆಸ್ಟ್, ಅದರ ರ್‍ಯಾಂಕ್ ಪಟ್ಟಿ ಊಟದ ಹಾಲ್‌ನ ಗೋಡೆಯ ಮೇಲೆ. ಜೊತೆಗೆ ಓದಿದವರು ಕಾಲೇಜಿನ ಫೋಟೋ ಹಾಕುತ್ತಿರುತ್ತಾರೆ. ಗಟ್ಟಿ ಮನಸ್ಸಿನವರೂ ನವೆಂಬರ್ ಹೊತ್ತಿಗೆ ಅಲ್ಲಾಡುತ್ತಾರೆ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಫ್ರಿಜ್ ಮೇಲೆ ಅಂಟಿಸಿ.

"ನಿನಗೆ ರಿಪೀಟ್ ಮಾಡೋ ಮನಸ್ಸಿದೆಯಾ" ಎಂದು ಅಪ್ಪ ಅಮ್ಮನ ಎದುರಿಗೆ ಮಕ್ಕಳನ್ನು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಎದುರಿಗೆ ಕೇಳಿದರೆ ತಲೆಯಾಡಿಸುತ್ತಾರೆ. ಕಾರಿಡಾರಿನಲ್ಲಿ ಒಬ್ಬರೇ ಸಿಕ್ಕಾಗ ಕೇಳಿದರೆ "ನಂಗೆ ಬಿಎಸ್ಸಿ ಆಗ್ರಿ ಇಷ್ಟ ಮ್ಯಾಮ್, ಅಪ್ಪಂಗೆ ಹೇಳ್ತೀರಾ?" ಎನ್ನುವವರಿದ್ದಾರೆ. ಹೇಳುತ್ತೇನೆ. ಬೈಸಿಕೊಂಡದ್ದೂ ಇದೆ. ಹುಡುಗಿಯರ ವಿಷಯದಲ್ಲಿ ತಿರುಗುಮುರುಗು. ಅವಳಿಗೇ ಆಸೆ ಇರುತ್ತದೆ, ಅಂಕವೂ ಹತ್ತಿರ ಇರುತ್ತದೆ, ಮನೆಯಲ್ಲಿ "ಹೆಣ್ಣುಮಗು, ಒಂದು ವರ್ಷ ಯಾಕೆ" ಎನ್ನುತ್ತಾರೆ. ಅದೇ ಮನೆಯ ಅಣ್ಣ ಎರಡು ಸಲ ರಿಪೀಟ್ ಮಾಡಿರುತ್ತಾನೆ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಆ ಅಪ್ಪಂದಿರ ಜೊತೆ ಜಗಳವನ್ನೇ ಆಡುತ್ತೇನೆ. ನೀಟಿಗೆ ಈಗ ವಯಸ್ಸಿನ ಮೇಲ್ಮಿತಿಯೂ ಇಲ್ಲ, 2022ರಲ್ಲೇ ತೆಗೆದರು. ಹದಿನೆಂಟಕ್ಕೆ ಯಾರಿಗೂ ತಡವಾಗಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ರಿಪೀಟ್ ಮಾಡಬೇಕು ಎನ್ನುವವರ ವಾದಕ್ಕೆ ಬಲ ಇದೆ. ಸರ್ಕಾರಿ ಕಾಲೇಜಿನ ಎಂಬಿಬಿಎಸ್‌ಗೆ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಹತ್ತಿರ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹನ್ನೆರಡು ಲಕ್ಷದ ಸುತ್ತಮುತ್ತ. ಅದರ ಮೇಲಿನ ಕೋಟಾಗಳ ಮಾತು ಬೇಡವೇ ಬೇಡ. ಇಪ್ಪತ್ತು ಅಂಕ ಜಾಸ್ತಿ ಬಂದರೆ ಒಂದು ಕುಟುಂಬದ ಜಮೀನು ಉಳಿಯಬಹುದು. ಹಾಗಾಗಿ ಖಾಸಗಿ ಸೀಟಿಗೆ ಸಾಲ ಮಾಡಲು ಹೊರಟವರಿಗೆ, ಮಗುವಿನಲ್ಲಿ ಕಸುವಿದ್ದರೆ, ಒಂದು ವರ್ಷ ಕಾಯಿರಿ ಎಂದೇ ಹೇಳುತ್ತೇನೆ. ಲಾಂಗ್ ಟರ್ಮಿಗೆ ಹಾಸ್ಟೆಲ್ ಸೇರಿ ಲಕ್ಷ, ಒಂದೂವರೆ ಲಕ್ಷ ದಾಟುತ್ತದೆ. ಆದರೂ ಇದು ಚಿಕ್ಕ ಸಾಲ.

ಸೇರಿಕೊಂಡು ಬರೆಯಬಹುದಾ ಎಂದು ಕೇಳುತ್ತಾರೆ. ಆಯುರ್ವೇದದ ಬಿಎಎಂಎಸ್‌ಗೋ ದಂತವೈದ್ಯದ ಬಿಡಿಎಸ್‌ಗೋ ಸೇರಿ, ಜೊತೆಗೆ ನೀಟ್‌ಗೆ ಓದುವುದು. ಹೇಳಲು ಚೆಂದ. ಮೊದಲ ವರ್ಷದ ಅನಾಟಮಿ ಓದುತ್ತಾ ಫಿಸಿಕ್ಸ್ ಲೆಕ್ಕ ಮಾಡಿದವರು ನನಗೆ ಗೊತ್ತಿರುವವರಲ್ಲಿ ಬಹಳ ವಿರಳ. ಎರಡೂ ಅರ್ಧಂಬರ್ಧ ಆಗುತ್ತದೆ. ಸೇರಿದ ಮೇಲೆ ಬಿಡಬೇಕೆಂದರೆ ಫೀಸು, ದಂಡ, ಮೂಲ ದಾಖಲೆಗಳ ತಲೆನೋವು ಬೇರೆ. ಷರತ್ತುಗಳನ್ನು ಸಹಿ ಹಾಕುವ ಮೊದಲು ಓದಿ. ಆದರೆ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ವೆಟರ್ನರಿ ಸೀಟು ಸಿಕ್ಕಿ "ಇದನ್ನು ಬಿಟ್ಟು ನೀಟ್ ಬರೀಲಾ" ಎಂದು ಕೇಳಿದರೆ ನನಗೆ ನಗು ಬರುತ್ತದೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ, ಎಲ್ಲಿ ಸಿಕ್ಕರೂ ಅದು ಡಾಕ್ಟರ್ ಕೆಲಸವೇ. ಊರಿಗೆ ಅವರು ಎಷ್ಟು ಬೇಕು ಎನ್ನುವುದನ್ನು ಹಸು ಕಟ್ಟಿದವರನ್ನು ಕೇಳಿ.

ಎರಡನೇ ಸಲ ರಿಪೀಟ್? ಮೊದಲ ರಿಪೀಟಿನಲ್ಲಿ ಅಂಕ ಚೆನ್ನಾಗಿ ಏರಿ, ಸೀಟಿಗೆ ಸ್ವಲ್ಪ ಕಮ್ಮಿಯಾಗಿದ್ದರೆ ಮಾತ್ರ ಯೋಚಿಸಿ. ಮೂರನೆಯದಕ್ಕೆ ನನ್ನ ಹತ್ತಿರ ಬರಬೇಡಿ.

ಇಷ್ಟೆಲ್ಲ ಆದ ಮೇಲೆ ಬರುವ ಪ್ರಶ್ನೆ, "ಸರಿ, ಯಾವ ಕೋಚಿಂಗ್ ಸೇರಿಸೋಣ?" ಹೆಸರು ಹೇಳುವುದಿಲ್ಲ. ಜೂನ್ ತಿಂಗಳ ಪೇಪರಿನ ಮುಖಪುಟದಲ್ಲಿ ಅವರೇ ಫೋಟೋ ಸಮೇತ ಹೇಳುತ್ತಾರೆ, ಇಷ್ಟಿದ್ದದ್ದು ಇಷ್ಟಾಯಿತು ಎಂದು. ಆ ಫೋಟೋದವರ ಜೊತೆ ಎಷ್ಟು ಜನ ಸೇರಿದ್ದರು ಎನ್ನುವುದನ್ನು ಯಾವ ಜಾಹೀರಾತಿನಲ್ಲೂ ಹಾಕುವುದಿಲ್ಲ, ನೀವೇ ಕೇಳಿ. ನೀಟ್ ಅಂಕ ತೋರಿಸಿದರೆ ಫೀಸಿನಲ್ಲಿ ರಿಯಾಯಿತಿ ಕೊಡುವ ಕಡೆಗಳಿವೆ, ಕೇಳದೆ ಬಿಡಬೇಡಿ. ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು, ಫಿಸಿಕ್ಸ್ ಯಾರು ಮಾಡುತ್ತಾರೆ, ಅವರು ಅಕ್ಟೋಬರಿನಲ್ಲೂ ಅಲ್ಲೇ ಇರುತ್ತಾರಾ ಎಂದು ವಿಚಾರಿಸಿ. ಟೆಸ್ಟ್ ಪೇಪರ್ ವಾಪಸ್ ಕೊಟ್ಟು ತಪ್ಪುಗಳನ್ನು ಕೂತು ಬಿಡಿಸುತ್ತಾರಾ, ಬರೀ ರ್‍ಯಾಂಕ್ ಅಂಟಿಸುತ್ತಾರಾ ಎನ್ನುವುದನ್ನು ಮಾತ್ರ ಆಫೀಸಿನಲ್ಲಿ ಕೇಳಬೇಡಿ. ಗೇಟಿನ ಹತ್ತಿರ ಟೀ ಕುಡಿಯುತ್ತಾ ನಿಂತಿರುವ ಹುಡುಗರನ್ನು ಕೇಳಿ.