ಅರ್ಧ ಬೆಲೆಯ ಈಸ್ಟರ್

ಈ ವರ್ಷ (2026) ಏಪ್ರಿಲ್ 5ಕ್ಕೆ ಮೆಲ್ಬರ್ನ್‌ನ ಹೆಚ್ಚಿನ ಚರ್ಚುಗಳಲ್ಲಿ ಈಸ್ಟರ್ ಮುಗಿಯಿತು. ಮರುದಿನದ ರಜೆ ಕಳೆದದ್ದೇ ಅಂಗಡಿಯ ಚಾಕೊಲೇಟ್ ಮೊಟ್ಟೆಗಳಿಗೆ ಅರ್ಧ ಬೆಲೆಯ ಚೀಟಿ ಬಿತ್ತು. ಪಕ್ಕದ ಮನೆಯ ಗ್ರೀಕ್ ಹುಡುಗಿ ಚೀಲ ತುಂಬಿಸಿಕೊಂಡು ಬಂದು ಹೇಳಿದಳು: "ನಮ್ಮ ಈಸ್ಟರ್ ಮುಂದಿನ ಭಾನುವಾರ. ಲೇಟಾದ್ರೂ ಲಾಭ ನಮಗೇ!"

ಯೇಸು ಒಬ್ಬನೇ, ಸತ್ತು ಎದ್ದು ಬಂದದ್ದೂ ಒಂದೇ ಸಲ, ಭಾನುವಾರ ಮಾತ್ರ ಎರಡು. ಸ್ಮಾರ್ತರ ಏಕಾದಶಿ ಇವತ್ತು, ದಶಮಿ ವೇಧ ಇದ್ದರೆ (ಬೆಳಗಿನ ಜಾವಕ್ಕೂ ಹಿಂದಿನ ತಿಥಿ ಚಾಚಿಕೊಂಡಿದ್ದರೆ) ಮಾಧ್ವರದು ನಾಳೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಓದಿಕೊಂಡು ಬೆಳೆದವರಿಗೆ ಇದೇನೂ ಹೊಸದಲ್ಲ. ಇಲ್ಲಿಯೂ ತಕರಾರು ಪಂಚಾಂಗದ್ದೇ.

ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ. ಪಸ್ಕ ಹುಣ್ಣಿಮೆಗೆ ಕಟ್ಟಿದ ಹಬ್ಬ, ಹಾಗಾಗಿ ಈಸ್ಟರ್ ಕೂಡ ಚಂದ್ರನ ಹಿಂದೆಯೇ ಹೋಗುತ್ತದೆ. ಎಲ್ಲ ಕ್ರೈಸ್ತ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಒಪ್ಪಿದರು. ಕ್ರಮೇಣ ನೆಲೆಯಾದ ಲೆಕ್ಕ ಹೀಗಿದೆ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹಿಡಿ, ಅದಾದ ಮೇಲಿನ ಭಾನುವಾರ ಈಸ್ಟರ್. ಹುಣ್ಣಿಮೆ ಭಾನುವಾರವೇ ಬಿದ್ದರೆ ಒಂದು ವಾರ ಮುಂದೂಡು. ಮಾರ್ಚ್ 21 ವಸಂತ ವಿಷುವದ, ಅಂದರೆ ಹಗಲು ರಾತ್ರಿ ಸಮವಾಗುವ ದಿನದ, ಗುರುತು (ಮೆಲ್ಬರ್ನ್‌ನಲ್ಲಿ ಆಗ ಎಲೆ ಉದುರುವ ಕಾಲ, ಅದು ಬೇರೆ ಮಾತು).

ಈ ಹುಣ್ಣಿಮೆಯನ್ನು ಆಕಾಶ ನೋಡಿ ಹೇಳುವುದಿಲ್ಲ, ಕೋಷ್ಟಕ ನೋಡಿ ಹೇಳುತ್ತಾರೆ. ಚಂದ್ರನ ತಿಥಿಗಳು 19 ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುತ್ತವೆ, ಅದೇ ಕೋಷ್ಟಕದ ಬುನಾದಿ. 2026ನ್ನು 19ರಿಂದ ಭಾಗಿಸಿದರೆ ಶೇಷ 12, ಒಂದು ಕೂಡಿಸಿದರೆ 13. ಇದು ವರ್ಷದ 'ಸುವರ್ಣ ಸಂಖ್ಯೆ'. 13ರ ಎದುರು ರೋಮಿನ ಹೊಸ ಕೋಷ್ಟಕ ಏಪ್ರಿಲ್ 2, ಗುರುವಾರ ಎನ್ನುತ್ತದೆ. ನಮ್ಮ ಚೈತ್ರ ಹುಣ್ಣಿಮೆ ಮುಗಿದದ್ದೂ ಅವತ್ತೇ. ಗ್ರೀಕರು ಈಗಲೂ ಹಿಡಿದಿರುವ ಹಳೆಯ ಕೋಷ್ಟಕದಲ್ಲಿ 13ರ ಎದುರು ಇರುವುದು ಜೂಲಿಯನ್ (ಜೂಲಿಯಸ್ ಸೀಸರನ ಕಾಲದ ಕ್ಯಾಲೆಂಡರಿನ) ಮಾರ್ಚ್ 24. ಈಗ ಎರಡು ಕ್ಯಾಲೆಂಡರುಗಳ ನಡುವೆ 13 ದಿನದ ಅಂತರವಿರುವುದರಿಂದ ಅದು ನಮ್ಮ ಏಪ್ರಿಲ್ 6, ಸೋಮವಾರ. ಭಾನುವಾರ ಅದಕ್ಕೆ ಒಂದು ದಿನ ಮೊದಲೇ ಕಳೆದಿತ್ತು, ಹಬ್ಬ 12ಕ್ಕೆ ಜಾರಿತು.

ಹಳೆಯ ಕೋಷ್ಟಕ ಹಿಂದೆ ಬಿದ್ದದ್ದು ಎರಡು ಕಡೆಯಿಂದ. ಜೂಲಿಯನ್ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ, ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಚಂದ್ರನ ಲೆಕ್ಕವೂ ನಿಧಾನವಾಗಿ ಜಾರಿ ಈಗ ನಾಲ್ಕೈದು ದಿನ ತಡವಾಗಿದೆ. 1582ರಲ್ಲಿ ಪೋಪ್ 13ನೇ ಗ್ರೆಗೊರಿ ಎರಡನ್ನೂ ತಿದ್ದಿಸಿದ. ಆ ವರ್ಷ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರ! ಪೂರ್ವದ ಸಭೆಗಳು, ಅಂದರೆ ಗ್ರೀಕರಂಥ ಆರ್ಥೊಡಾಕ್ಸರು, ಒಪ್ಪಲಿಲ್ಲ. ಗ್ರೀಕರು ಕ್ರಿಸ್ಮಸ್ಸನ್ನು ಮುಂದೆ ಹೊಸ ಲೆಕ್ಕಕ್ಕೆ ತಂದುಕೊಂಡರು, ಈಸ್ಟರ್ ಮುಟ್ಟಲಿಲ್ಲ. 'ಆರ್ಥೊಡಾಕ್ಸ್' ಅಂದ ಮಾತ್ರಕ್ಕೆ ಎಲ್ಲರೂ ಹೀಗಲ್ಲ. ಫಿನ್ಲೆಂಡಿನ ಆರ್ಥೊಡಾಕ್ಸರೂ ಕೇರಳದ ಮಲಂಕರ ಸಭೆಯವರೂ ಹೊಸ ತಾರೀಖಿಗೇ ಆಚರಿಸುತ್ತಾರೆ.

ಗ್ರೀಕರ ಹಠ ನೋಡಿ ನಗುವ ಹಕ್ಕು ನಮಗಂತೂ ಇಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಎಳ್ಳು ಬೆಲ್ಲ ಕೊಟ್ಟು ಉತ್ತರಾಯಣ ಬಂತೆನ್ನುವುದು ಜನವರಿ 14-15ಕ್ಕೆ. ತಿದ್ದಬೇಕೆಂದು ಯಾರಾದರೂ ಹೇಳಿದರೆ ಮೊದಲು ಬರುವ ಉತ್ತರ, "ಹಿರಿಯರು ಮಾಡಿದ್ದು."

2025ರಲ್ಲಿ ಎರಡೂ ಈಸ್ಟರ್ ಏಪ್ರಿಲ್ 20ಕ್ಕೇ ಕೂಡಿಬಂದಿದ್ದವು. 2027ರಲ್ಲಿ ರೋಮಿನ ಹುಣ್ಣಿಮೆ ಮಾರ್ಚ್ 22, ಈಸ್ಟರ್ 28. ಹಳೆಯ ಲೆಕ್ಕದ ಮಾರ್ಚ್ 21 ಬರುವುದೇ ನಮ್ಮ ಏಪ್ರಿಲ್ 3ಕ್ಕೆ, ಹಾಗಾಗಿ ಆ ಹುಣ್ಣಿಮೆ ಎಣಿಕೆಗೇ ಬರುವುದಿಲ್ಲ. ಮುಂದಿನದು ಏಪ್ರಿಲ್ 25, ಅದೂ ಸರಿಯಾಗಿ ಭಾನುವಾರವೇ. ಮತ್ತೊಂದು ವಾರ ತಳ್ಳಿ ಮೇ 2. ಐದು ವಾರದ ಅಂತರ. ಅಷ್ಟು ದಿನ ಅರ್ಧ ಬೆಲೆಯ ಮೊಟ್ಟೆ ಅಂಗಡಿಯಲ್ಲಿ ಉಳಿಯುವುದಿಲ್ಲವೆಂದು ಹುಡುಗಿಗೆ ಇನ್ನೂ ಯಾರೂ ಹೇಳಿಲ್ಲ.